ಸೈಕಲ್ ತಗೊಳ್ಳಲಾ, ಟೆಲಿಸ್ಕೋಪ್ ತಗೊಳ್ಳಲಾ? ನನ್ನ ಅನುಭವ

ದಿನವಿಡೀ ಕೂತು ಮಾಡುವ ಕೆಲಸ, ಒಬ್ಬರೇ ಹೊರಗೆ ಹೋಗಿ ಮಾಡುವಂಥ ಹವ್ಯಾಸ ಬೇಕು, ಸೈಕಲ್ ಮತ್ತು ಟೆಲಿಸ್ಕೋಪ್ ಎರಡರಲ್ಲಿ ಒಂದಕ್ಕೆ ಮಾತ್ರ ದುಡ್ಡಿದೆ ಅಂತ ಬರೆದಿದ್ದೀರಿ. ನಾನು ಸೈಕಲ್ಲನ್ನೂ ತುಳಿಯುತ್ತೇನೆ, ಆಕಾಶವನ್ನೂ ನೋಡುತ್ತೇನೆ. ನನಗೆ ಜಾಸ್ತಿ ಇಷ್ಟ ಆಕಾಶವೇ. ಆದರೂ ನಿಮಗೆ ಹೇಳುವುದು, ದುಡ್ಡನ್ನು ಸೈಕಲ್ಲಿಗೆ ಹಾಕಿ.

ಯಾಕೆಂದರೆ ಆಕಾಶ ನೋಡಲು ಮೊದಲ ವರ್ಷ ಏನನ್ನೂ ಕೊಳ್ಳಬೇಕಾಗಿಲ್ಲ. ನಾನು ಉಲ್ಟಾ ಮಾಡಿದೆ, ಮೊದಲೇ ಟೆಲಿಸ್ಕೋಪ್ ತಗೊಂಡೆ. ಡಬ್ಬದ ಮೇಲೆ 525 ಪಟ್ಟು ದೊಡ್ಡದಾಗಿ ಕಾಣುತ್ತದೆ ಅಂತ ಬರೆದಿತ್ತು, ನಂಬಿ ತಂದೆ. ಅದರ ಮುಂದಿನ ಲೆನ್ಸು 60 ಮಿಲಿಮೀಟರ್ ಅಗಲದ್ದು. ಲೆನ್ಸು ಎಷ್ಟು ಮಿಲಿಮೀಟರ್ ಇದೆಯೋ ಸುಮಾರು ಅದರ ಎರಡರಷ್ಟು ಪಟ್ಟು, ಅಂದರೆ 120ರವರೆಗೆ ಮಾತ್ರ ಹಿಗ್ಗಿಸಿ ಪ್ರಯೋಜನ. ಅದನ್ನು ದಾಟಿದರೆ ಎಲ್ಲ ಮಂಕು. ಸ್ಟ್ಯಾಂಡ್ ಬೇರೆ ಮುಟ್ಟಿದರೆ ನಡುಗುತ್ತಿತ್ತು. ಗುರು ಗ್ರಹ ಸಿಕ್ಕಿತು ಅನ್ನುವಷ್ಟರಲ್ಲಿ ಜಾರಿಹೋಗುತ್ತಿತ್ತು. ಎರಡೇ ತಿಂಗಳಿಗೆ ಅದು ಅಟ್ಟ ಸೇರಿತು. ನನ್ನ ಆಸೆಯೂ ಅದರ ಜೊತೆಗೇ ಹೋಯಿತು. ಮತ್ತೆ ತಲೆಯೆತ್ತಿ ಆಕಾಶ ನೋಡಲು ಎರಡು ವರ್ಷ ಹಿಡಿಯಿತು.

ಎರಡನೇ ಸಲ ಬರಿಗಣ್ಣಲ್ಲೇ ಶುರು ಮಾಡಿದೆ. ಕತ್ತಲೆಗೆ ಕಣ್ಣು ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ನಡುವೆ ಮೊಬೈಲ್ ಬೆಳಕು ಕಣ್ಣಿಗೆ ಬಿದ್ದರೆ ಮತ್ತೆ ಮೊದಲಿಂದ. ಮಹಾವ್ಯಾಧ (ಒರಾಯನ್) ಅನ್ನುವ ನಕ್ಷತ್ರಪುಂಜದ ಸೊಂಟದಲ್ಲಿ ಸಾಲಾಗಿ ಮೂರು ನಕ್ಷತ್ರ ಇವೆ. ಆ ಸಾಲನ್ನೇ ಒಂದು ಕಡೆಗೆ ಎಳೆದರೆ ಲುಬ್ಧಕ (ಸಿರಿಯಸ್) ನಕ್ಷತ್ರ ಸಿಗುತ್ತದೆ. ಇನ್ನೊಂದು ಕಡೆಗೆ ಎಳೆದರೆ ಕೆಂಪು ಛಾಯೆಯ ರೋಹಿಣಿ, ಅದರಾಚೆ ಗೊಂಚಲಾಗಿ ಕೃತ್ತಿಕೆ. ನಾನು ಯಾರನ್ನೂ ಕೇಳದೆ ಆ ದಾರಿಯಲ್ಲಿ ಕೃತ್ತಿಕೆಯವರೆಗೆ ಹೋದ ರಾತ್ರಿ ಎಷ್ಟು ಖುಷಿಯಾಗಿತ್ತು ಅಂದರೆ, ಒಳಗೆ ಹೋಗಿ ಮಲಗಲು ಮನಸ್ಸೇ ಬರಲಿಲ್ಲ. ಮಹಡಿ ಮೇಲೊಂದು ಕತ್ತಲೆ ಮೂಲೆ ಇದ್ದರೆ ನಿಮಗೂ ಇಷ್ಟು ಸಿಗುತ್ತದೆ.

ಆದರೆ ಆಕಾಶ ನಮ್ಮ ಪುರುಸೊತ್ತು ನೋಡಿಕೊಂಡು ಬರುವುದಿಲ್ಲ. ಹುಣ್ಣಿಮೆಯ ಆಚೀಚೆ ಮಂಕು ನಕ್ಷತ್ರಗಳು ಕಾಣುವುದಿಲ್ಲ, ಮೋಡ ಕವಿದರೆ ಏನೂ ಇಲ್ಲ. ತಿಂಗಳಿಗೆ ನಾಲ್ಕೈದು ಒಳ್ಳೆಯ ರಾತ್ರಿ ಸಿಕ್ಕರೆ ನನಗೆ ದೊಡ್ಡದು. ಕೂತು ಕೂತು ಮೈ ಜಡ್ಡುಗಟ್ಟಿದವರಿಗೆ ಅಷ್ಟು ಸಾಲದು, ಅಲ್ವಾ? ಸೈಕಲ್ಲಾದರೆ ಬೆಳಿಗ್ಗೆ 40 ನಿಮಿಷ ಸಿಕ್ಕರೂ ಹೋಗಿ ಬರಬಹುದು.

ತಂದ ದಿನವೇ ಸೀಟಿನ ಎತ್ತರ ಸರಿ ಮಾಡಿಕೊಳ್ಳಿ. ಪೆಡಲ್ ಕೆಳಗೆ ಇರುವಾಗ ಹಿಮ್ಮಡಿ ಅದರ ಮೇಲಿಟ್ಟರೆ ಕಾಲು ನೆಟ್ಟಗಾಗಬೇಕು. ಆಮೇಲೆ ಪಾದದ ಮುಂಭಾಗದಿಂದ ತುಳಿದರೆ ಮಂಡಿ ಸ್ವಲ್ಪವೇ ಬಾಗಿರುತ್ತದೆ. ನಾನು ತಗ್ಗು ಸೀಟಿನಲ್ಲಿ, ಭಾರದ ಗೇರಿನಲ್ಲಿ ತುಳಿದು ಮೂರು ವಾರ ಮಂಡಿಯ ಮುಂಭಾಗದ ನೋವು ತಿಂದೆ. ಇನ್ನೊಂದು, ಟ್ಯೂಬ್ ಬದಲಿಸುವುದನ್ನು ಮನೆಯಲ್ಲೇ ಎರಡು ಸಲ ಮಾಡಿ ಕಲಿತುಕೊಳ್ಳಿ. ಒಬ್ಬರೇ ದೂರ ಹೋದಾಗ ಪಂಕ್ಚರ್ ಆದರೆ ಕೈಯಲ್ಲಿ ಪಂಪೂ ಬೇಕು, ಅಭ್ಯಾಸವೂ ಬೇಕು. ಹೆಲ್ಮೆಟ್ ಹೇಳಬೇಕಾಗಿಯೇ ಇಲ್ಲ.

ಎರಡನ್ನೂ ಒಂದೇ ದಿನಕ್ಕೆ ತುರುಕಬೇಡಿ. ಒಮ್ಮೆ ರಾತ್ರಿ ಎರಡರವರೆಗೆ ಆಕಾಶ ನೋಡಿ, ಐದೂವರೆಗೆ ಸೈಕಲ್ ಹತ್ತಿದ್ದೆ. ಒಂದು ತಿರುವಿನಲ್ಲಿ ಕಣ್ಣು ಎಳೆದು ರಸ್ತೆ ಬಿಟ್ಟು ಹುಲ್ಲಿಗೆ ಇಳಿದುಬಿಟ್ಟೆ. ಹಿಂದೆ ಮುಂದೆ ಗಾಡಿ ಇರಲಿಲ್ಲ, ಬಚಾವಾದೆ. ಆವತ್ತಿನಿಂದ ಅಮಾವಾಸ್ಯೆಯ ವಾರದಲ್ಲಿ ನನ್ನ ಸೈಕಲ್ ಸಂಜೆಗೆ ಮಾತ್ರ.

ಒಂದು ವರ್ಷದ ಮೇಲೂ ಆಕಾಶದ ಆಸೆ ಹಾಗೇ ಇದ್ದರೆ, ಆಗಲೂ ಟೆಲಿಸ್ಕೋಪಿಗಿಂತ ಮೊದಲು ಒಂದು ಬೈನಾಕ್ಯುಲರ್ ತಗೊಳ್ಳಿ. 10 ಪಟ್ಟಿನದು, 50 ಮಿಲಿಮೀಟರ್ ಲೆನ್ಸಿನದು ಸಾಕು. ಮೊಣಕೈಗಳನ್ನು ಗೋಡೆಗೆ ಊರಿ ಗಟ್ಟಿಯಾಗಿ ಹಿಡಿದರೆ ಗುರುವಿನ ಪಕ್ಕದಲ್ಲಿ ಚುಕ್ಕಿಗಳು ಕಾಣುತ್ತವೆ. ಕೆಲವು ರಾತ್ರಿ ನಾಲ್ಕೂ ಕಾಣುತ್ತವೆ. 1610ರಲ್ಲಿ ಗೆಲಿಲಿಯೊ ನೋಡಿದ ಚಂದ್ರರು ಅವೇ. ಆ 525 ಪಟ್ಟಿನ ಟೆಲಿಸ್ಕೋಪಿನಲ್ಲಿ ನನಗೆ ಅವು ಒಂದು ಸಲವೂ ಸಿಕ್ಕಿರಲಿಲ್ಲ.