ಸಹಾಯ ಬೇಕು: ಅಮ್ಮನ ಜೊತೆ ಬ್ಯಾಂಕಾಕ್‌ಗೆ ಯಾವ ತಿಂಗಳು ಹೋಗೋದು?

ಎಲ್ಲರಿಗೂ ನಮಸ್ಕಾರ. ಅಮ್ಮನನ್ನು ಬ್ಯಾಂಕಾಕ್‌ಗೆ ಕರೆದುಕೊಂಡು ಹೋಗಬೇಕು ಅಂತಿದ್ದೇನೆ, ಯಾವ ತಿಂಗಳು ಅನ್ನೋದೇ ತೀರ್ಮಾನ ಆಗುತ್ತಿಲ್ಲ. ನವೆಂಬರ್‌ನಿಂದ ಫೆಬ್ರವರಿವರೆಗೆ ಮಳೆ ಕಡಿಮೆ, ಸೆಕೆಯೂ ತಡೆದುಕೊಳ್ಳುವಷ್ಟು, ಆದರೆ ಆಗ ಜನವೂ ಜಾಸ್ತಿ, ಹೋಟೆಲ್ ಬಾಡಿಗೆಯೂ ಜಾಸ್ತಿ. ಏಪ್ರಿಲ್ 13ರಿಂದ 15ರವರೆಗೆ ಸೊಂಗ್‌ಕ್ರಾನ್, ಅಂದರೆ ಥಾಯ್ ಹೊಸವರ್ಷದ ಹಬ್ಬ, ಬೀದಿ ತುಂಬಾ ನೀರೆರಚಾಟ. ನನಗೆ ನೋಡುವ ಆಸೆ ತುಂಬಾ ಇದೆ, ಆದರೆ ಆ ಬಿಸಿಲಲ್ಲಿ ಮಂಡಿನೋವಿರುವ ಅಮ್ಮನನ್ನು ನಡೆಸೋದು ಬೇಡ ಅನ್ನಿಸುತ್ತದೆ.

ಇನ್ನೊಂದು ಯೋಚನೆ ಅಕ್ಟೋಬರ್. ಆ ಹೊತ್ತಿಗೆ ಯಾವರಾತ್‌ನಲ್ಲಿ, ಅಂದರೆ ಅಲ್ಲಿನ ಚೀನೀಯರ ಪೇಟೆಯಲ್ಲಿ, ಸಸ್ಯಾಹಾರದ ಹಬ್ಬ ನಡೆಯುತ್ತದೆ, ಹಳದಿ ಬಾವುಟ ಕಟ್ಟಿದ ಅಂಗಡಿಗಳಲ್ಲಿ ಮಾಂಸ, ಮೀನು, ಮೊಟ್ಟೆ ಇರಲಿ, ಬೆಳ್ಳುಳ್ಳಿಯನ್ನೂ ಹಾಕದ ಅಡುಗೆ ಸಿಗುತ್ತದೆ, ಎಲ್ಲದರಲ್ಲೂ ಮೀನಿನ ಸಾಸ್ ಇರುತ್ತೆ ಅಂತ ಹೆದರುವ ಅಮ್ಮನಿಗೆ ಇದಕ್ಕಿಂತ ಒಳ್ಳೆ ಸಮಯ ಇಲ್ಲ ಅಲ್ವಾ? ಆದರೆ ಮಳೆಗಾಲ ಇನ್ನೂ ಮುಗಿದಿರೋದಿಲ್ಲ.

ಆಗ ಹೋಗಿ ಬಂದವರು ದಯವಿಟ್ಟು ಹೇಳಿ. ಮಳೆ ಸ್ವಲ್ಪ ಹೊತ್ತು ಸುರಿದು ನಿಲ್ಲುತ್ತದಾ, ದಿನವಿಡೀ ಇರುತ್ತದಾ? ಚಾವೊ ಫ್ರಾಯ ನದಿಯ ದೋಣಿ ಹತ್ತಿ ಇಳಿಯೋದು ವಯಸ್ಸಾದವರಿಗೆ ಕಷ್ಟವಾ? ವಾಟ್ ಫೋ, ಎದುರು ದಡದ ವಾಟ್ ಅರುಣ್ ಎರಡೂ ಬೌದ್ಧ ದೇವಾಲಯಗಳನ್ನು ಒಂದೇ ಬೆಳಿಗ್ಗೆ ನಿಧಾನವಾಗಿ ನೋಡಬಹುದಾ? ಉತ್ತರ ನೋಡಿಕೊಂಡೇ ಟಿಕೆಟ್ ಮಾಡಿಸುತ್ತೇನೆ.