ಅಣ್ಣ ಕುಡಿತ ಬಿಟ್ಟಿದ್ದಾನೆ, ಹಾಸನದ ಹತ್ತಿರ ಯಾವುದಾದರೂ ಗುಂಪು ಇದೆಯಾ?

ಪ್ರಶ್ನೆ: ಅಣ್ಣ ಚಿಕಿತ್ಸೆ ಮುಗಿಸಿ ಮನೆಗೆ ಬಂದಿದ್ದಾನೆ. ಹಗಲು ಪರವಾಗಿಲ್ಲ, ಸಂಜೆಯಾದರೆ ಗೇಟಿನ ಹತ್ತಿರ ನಿಂತು ಸುಮ್ನೆ ಚಿಲಕ ತೆಗೆದು ಹಾಕುತ್ತಿರುತ್ತಾನೆ. ನೋಡೋಕೆ ಆಗಲ್ಲ. ಕುಡಿತ ಬಿಟ್ಟವರೇ ಸೇರುವ ಗುಂಪು ಹುಡುಕೋದು ಹೇಗೆ? ದುಡ್ಡು ಜಾಸ್ತಿ ಆಗುತ್ತಾ?

ಉತ್ತರ 1: ಆಲ್ಕೊಹಾಲಿಕ್ಸ್ ಅನಾನಿಮಸ್, ಎಎ ಅಂತಾರೆ. 1935ರಲ್ಲಿ ಅಮೆರಿಕದಲ್ಲಿ ಶುರುವಾಗಿದ್ದು, ಈಗ ನಮ್ಮಲ್ಲೂ ಇದೆ. ಫೀಸ್ ಇಲ್ಲ, ಬಿಡಬೇಕು ಅನ್ನೋ ಮನಸ್ಸಿದ್ದರೆ ಸಾಕು. ಅವರ ವೆಬ್‌ಸೈಟಿನಲ್ಲಿ ಹತ್ತಿರದ ಮೀಟಿಂಗ್ ನೋಡಿ, ಆದರೆ ಹೋಗುವ ಮೊದಲು ಫೋನ್ ಮಾಡಿ ಜಾಗ, ಸಮಯ ಖಚಿತ ಮಾಡಿಕೊಳ್ಳಿ, ಕನ್ನಡದಲ್ಲಿ ನಡೆಯುತ್ತಾ ಅಂತಲೂ ಕೇಳಿ. ಮೊದಲ ದಿನ ಮಾತಾಡಲೇಬೇಕು ಅಂತಿಲ್ಲ, ಕೂತು ಕೇಳಿದರೂ ಆಯ್ತು.

ಉತ್ತರ 2: ಹಳ್ಳಿ ಕಡೆಯವರಾದರೆ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿ. ಮದ್ಯವರ್ಜನ ಶಿಬಿರ ಮುಗಿಸಿದವರದ್ದೇ ನವಜೀವನ ಸಮಿತಿಗಳಿವೆ. ನಮ್ಮ ಮಾವನಿಗೆ ಅಲ್ಲಿನ ಜನರೇ ಆಸರೆಯಾದರು.

ಉತ್ತರ 3: ಅಕ್ಕಾ, ಕುಡಿತ ಬಿಡಿಸೋ ಸರ್ಕಾರಿ ಸಹಾಯವಾಣಿ 14446ಕ್ಕೆ ಫೋನ್ ಮಾಡಿ, ಉಚಿತ. ಮನೆಯವರಿಗೆ ಅಂತಲೇ ಅಲ್-ಅನಾನ್ ಇದೆ, ನೀವೂ ಹೋಗಿ, ಒಬ್ಬರೇ ಹೊರಬೇಡಿ. ಇನ್ನೊಂದು, ಅಣ್ಣ ಮತ್ತೆ ದಿನಾ ಕುಡಿಯೋಕೆ ಶುರು ಮಾಡಿದರೆ ಮನೆಯಲ್ಲೇ ಏಕಾಏಕಿ ನಿಲ್ಲಿಸಬೇಡಿ, ಫಿಟ್ಸ್ ಬರಬಹುದು. ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ.