‘ಪೀಪಾಯಿ’: ಪದದ ಮೂಲ ಮತ್ತು ಬಳಕೆ

ಕಚ್ಚಾ ತೈಲದ ಬೆಲೆಯನ್ನು ಕುರಿತ ಬರಹವೊಂದನ್ನು ಕನ್ನಡಕ್ಕೆ ತರುತ್ತಿದ್ದ ಗೆಳೆಯರು ‘ಬ್ಯಾರೆಲ್’ ಎಂಬುದಕ್ಕೆ ‘ಪೀಪಾಯಿ’ ಎಂದು ಬರೆದು, ಅದು ಅಚ್ಚಗನ್ನಡದ ಮಾತೇ, ಅಳತೆಯ ಹೆಸರಾಗಿಯೂ ಸಲ್ಲುತ್ತದೆಯೇ ಎಂದು ಕೇಳಿದರು. ಎರಡು ಪ್ರಶ್ನೆಗಳಿಗೂ ‘ಇಲ್ಲ’ ಎಂಬುದೇ ನನ್ನ ಉತ್ತರ.

ಪೀಪಾಯಿಯ ಮೂಲ ಪೋರ್ಚುಗೀಸ್ ಭಾಷೆಯ ‘ಪೀಪ’. ದ್ರಾಕ್ಷಾರಸವನ್ನೋ ಎಣ್ಣೆಯನ್ನೋ ತುಂಬಿ ಹಡಗಿಗೆ ಏರಿಸುತ್ತಿದ್ದ ಮರದ ದೊಡ್ಡ ಪಾತ್ರೆಗೆ ಅವರಲ್ಲಿ ಆ ಹೆಸರು. ಅಲಮಾರು, ಬಾಲ್ದಿ, ಚಾವಿ ಇವೂ ಅದೇ ಭಾಷೆಯಿಂದ ಬಂದವು. ಹಿಂದಿಯ ‘ಪೀಪಾ’, ಮರಾಠಿಯ ‘ಪೀಪ’ ಮತ್ತು ‘ಪಿಂಪ’, ಮಲಯಾಳದ ‘ವೀಪ್ಪ’, ತಮಿಳಿನ ‘ಪೀಪ್ಪಾಯ್’ ಎಲ್ಲವೂ ಒಂದೇ ಬಳ್ಳಿಯ ಕಾಯಿಗಳು. ಇವುಗಳಲ್ಲಿ ನಮ್ಮ ರೂಪಕ್ಕೆ ತೀರ ಹತ್ತಿರವಾದದ್ದು ತಮಿಳಿನದು. ತಮಿಳಿನ ನಾಯ್, ತಾಯ್ ಎಂಬವು ಕನ್ನಡದಲ್ಲಿ ನಾಯಿ, ತಾಯಿ ಎಂದಿರುವುದನ್ನು ನೋಡಿದರೆ, ಗೋವೆಯ ಕಡೆಯಿಂದ ನೇರವಾಗಿ ಬಂದಿದ್ದರೆ ‘ಪೀಪ’ ಅಥವಾ ‘ಪೀಪೆ’ ಎಂದು ನಿಲ್ಲಬೇಕಾಗಿದ್ದ ಪದವು ‘ಯಿ’ಕಾರವನ್ನು ಪಡೆದದ್ದು ತಮಿಳಿನ ಮೂಲಕವೇ ಇರಬೇಕೆಂದು ನಾನು ಊಹಿಸುತ್ತೇನೆ.

ಇನ್ನೂ ಹಿಂದಕ್ಕೆ ಹೋದರೆ ಲ್ಯಾಟಿನ್ನಿನಲ್ಲಿ ಹಕ್ಕಿಮರಿಯ ಚಿಂವ್‌ಗುಟ್ಟುವಿಕೆಯನ್ನು ಸೂಚಿಸುವ ಧಾತು ಸಿಗುತ್ತದೆ; ಅದರಿಂದ ಊದುವ ಕೊಳಲು, ಕೊಳಲಿನಿಂದ ಕೊಳವೆ, ಕೊಳವೆಯಿಂದ ಉರುಟಾದ ಪಾತ್ರೆ ಎಂದು ಅರ್ಥ ಬೆಳೆಯಿತು. ಹೀಗಾಗಿ ನಲ್ಲಿಯ ಪೈಪೂ ಪೀಪಾಯಿಯೂ ದಾಯಾದಿಗಳು. ಮಕ್ಕಳು ಊದುವ ‘ಪೀಪಿ’ ಮಾತ್ರ ಈ ವಂಶದ್ದಲ್ಲ, ಅದು ನಮ್ಮದೇ ಅನುಕರಣ ಪದ.

ಮೂಲದ ಪೀಪಾಯಿಯು ಬಾಗಿಸಿದ ಹಲಗೆಗಳನ್ನು ಒತ್ತಾಗಿ ಜೋಡಿಸಿ ಕಬ್ಬಿಣದ ಪಟ್ಟಿಗಳನ್ನು ಬಿಗಿದು ಮಾಡಿದ್ದು. ನಡು ಉಬ್ಬಿರುವುದರಿಂದ ಅಡ್ಡ ಕೆಡವಿದಾಗ ನೆಲಕ್ಕೆ ತಾಗುವ ಭಾಗ ಕಡಿಮೆಯಾಗಿ, ತುಂಬಿದ್ದರೂ ಒಬ್ಬನೇ ಅದನ್ನು ಉರುಳಿಸಿ ಬೇಕಾದ ಕಡೆಗೆ ತಿರುಗಿಸಬಹುದು. ನಮ್ಮ ಬಚ್ಚಲಿನ ಹೊರಗೆ ಮಳೆನೀರು ಹಿಡಿಯಲು ಇಟ್ಟಿದ್ದ, ಮೇಲ್ಭಾಗ ಕತ್ತರಿಸಿದ ಡಾಂಬರಿನ ತಗಡಿನ ಡ್ರಮ್ಮಿಗೆ ಉಬ್ಬಿದ ನಡುವೂ ಇರಲಿಲ್ಲ, ಮರದ ಹಲಗೆಯೂ ಇರಲಿಲ್ಲ. ಆದರೂ ಅಜ್ಜಿ ಅದನ್ನು ಪೀಪಾಯಿ ಎಂದೇ ಕರೆಯುತ್ತಿದ್ದರು. ಅದು ತಪ್ಪೆಂದು ನಾನು ಹೇಳಲಾರೆ. ಪಾತ್ರೆ ಬದಲಾದಾಗ ಹೆಸರು ಉಳಿದುಕೊಳ್ಳುವುದು ಭಾಷೆಯ ಸಹಜ ನಡೆ.

ಅಳತೆಯ ವಿಷಯ ಬೇರೆ. ತೈಲದ ಒಂದು ಬ್ಯಾರೆಲ್ ಎಂದರೆ 42 ಅಮೆರಿಕನ್ ಗ್ಯಾಲನ್, ಅಂದರೆ ಸುಮಾರು 159 ಲೀಟರ್. ಪೋರ್ಟ್ ದ್ರಾಕ್ಷಾರಸದ ವ್ಯಾಪಾರದಲ್ಲಿ ಒಂದು ‘ಪೀಪ’ ಎಂದರೆ ಸುಮಾರು 550 ಲೀಟರ್, ಅದರ ಮೂರು ಪಟ್ಟಿಗೂ ಹೆಚ್ಚು. ಕನ್ನಡದಲ್ಲಂತೂ ಪೀಪಾಯಿಗೆ ಗೊತ್ತಾದ ಪ್ರಮಾಣವೇ ಇಲ್ಲ. ಆದ್ದರಿಂದ ಪಾತ್ರೆಗೆ ಪೀಪಾಯಿ, ಅಳತೆಗೆ ಬ್ಯಾರೆಲ್ ಎಂದು ಉಳಿಸಿಕೊಳ್ಳುವುದೇ ಸರಿಯೆಂದು ಗೆಳೆಯರಿಗೆ ತಿಳಿಸಿದೆ.

ಕರಾವಳಿಯವರು ಮತ್ತು ಬೆಳಗಾವಿ, ಕಾರವಾರದ ಕಡೆಯವರು ತಮ್ಮ ಮನೆಮಾತಿನಲ್ಲಿ ಈ ಪಾತ್ರೆಯನ್ನು ಏನೆನ್ನುತ್ತಾರೆಂದು ದಯವಿಟ್ಟು ತಿಳಿಸಬೇಕು. ಅಲ್ಲಿ ‘ಯಿ’ಕಾರವಿಲ್ಲದ ರೂಪವೇ ಬಳಕೆಯಲ್ಲಿದ್ದರೆ ನನ್ನ ಊಹೆಗೆ ಬಲ ಬರುತ್ತದೆ.